ರಾಚಪ್ಪನ ಮೂರನೆಯ ಕೈ

ಮೊದಲ ಸಲ ನನ್ನ ಒಳಮೈಯನ್ನು ಗೋಡೆಯ ಮೇಲೆ ಕಂಡಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಕುಂಬಳಕಾಯಿ ಹೋಳಿನಷ್ಟು ದಪ್ಪ ತುಟಿ, ಮೊರದಗಲದ ಅಂಗೈ, ಒಂದೊಂದು ಹೆಬ್ಬೆರಳೂ ತೊಡೆಗಿಂತ ದೊಡ್ಡದು. ಬೆನ್ನು ಮಾತ್ರ ಇದ್ದೂ ಇಲ್ಲದ ಹಾಗೆ. ಐವತ್ತು ವರ್ಷ ಈ ಮೈಯನ್ನು ಹೊತ್ತು ತಿರುಗಿದವಳಿಗೆ ಒಳಗೆ ಇಂಥದೊಂದು ರೂಪ ಕೂತಿದೆ ಎಂಬುದೇ ಗೊತ್ತಿರಲಿಲ್ಲ. ನಗು ನಿಂತ ಮೇಲೆ ಮೈ ಜುಮ್ಮೆಂದಿತು. ನಾನು ಫಿಸಿಯೋಥೆರಪಿಸ್ಟ್. ಜನರ ಕೈಕಾಲು ನೀವಿ, ಮಡಿಸಿ, ಮತ್ತೆ ನಡೆಯಲು ಕಲಿಸಿ ಹೊಟ್ಟೆ ಹೊರೆದುಕೊಂಡವಳು. ನನ್ನ ಅಂಗೈಗಳು ಗೋಡೆಯ ಮೇಲೆ ಅಷ್ಟಗಲ ಬೆಳಗುತ್ತಿದ್ದುದು ಅದಕ್ಕೇ ಎಂದು ಹೊಳೆದಾಗ ಸುಮ್ಮನೆ ನೋಡುತ್ತ ನಿಂತೆ.

ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲಿನ ನಮ್ಮ ನರವಿಜ್ಞಾನ ಕೇಂದ್ರಕ್ಕೆ ಆ ಯಂತ್ರ ಬಂದ ಹೊಸತು ಅದು. ಯಂತ್ರವೆಂದರೆ ಕಣ್ಣಿಗೆ ಕಾಣುವುದು ಒಂದು ಹೆಣಿಗೆಯ ಟೊಪ್ಪಿಗೆ ಮತ್ತು ಒಂದು ಬಿಳಿ ಗೋಡೆ, ಅಷ್ಟೆ. ಕೆಲಸ ಮಾಡುವ ಬಗೆಯೂ ಹೇಳಲಿಕ್ಕೆ ಸುಲಭ. ನಾವು ಎಚ್ಚರವಿರುವಷ್ಟು ಹೊತ್ತೂ ನಮ್ಮ ಮಿದುಳು ಮೈಯ ಹಾಜರಿ ಕರೆಯುತ್ತಲೇ ಇರುತ್ತದೆ. ಬಲಗಾಲು ಇದೆಯಾ, ಇದೆ. ಕಿರುಬೆರಳು ಎಲ್ಲಿದೆ, ಇಲ್ಲಿದೆ. ಶಾಲೆಯ ಮೇಷ್ಟ್ರು ಬೆಳಿಗ್ಗೆ ಒಂದು ಸಲ ಕರೆದು ಮುಗಿಸುತ್ತಾರೆ, ಇದಕ್ಕೆ ಬಿಡುವೇ ಇಲ್ಲ. ಟೊಪ್ಪಿಗೆಯಲ್ಲಿರುವ ಸಾವಿರಾರು ಸಣ್ಣ ಕಿವಿಗಳು ಆ ಹಾಜರಿಯನ್ನು ಕದ್ದು ಕೇಳಿ, ಯಾರು ಯಾರು 'ಹಾಜರ್' ಎಂದರೋ ಅವರನ್ನೆಲ್ಲ ನೀಲಿ ಬೆಳಕಿನಲ್ಲಿ ಗೋಡೆಗೆ ತಂದು ನಿಲ್ಲಿಸುತ್ತವೆ. ಹಾಗೆ ಗೋಡೆಯ ಮೇಲೆ ನಿಲ್ಲುವ ಆಕೃತಿಗೆ ನಾವು ಇಟ್ಟ ಹೆಸರು ಒಳಮೈ.

ಮೊದಲ ತಿಂಗಳು ನಮಗೆ ಹಬ್ಬವೇ ಹಬ್ಬ. ಸಿಕ್ಕಸಿಕ್ಕವರ ತಲೆಗೆಲ್ಲ ಟೊಪ್ಪಿಗೆ ಹಾಕಿದೆವು. ಕಣ್ಣಿಲ್ಲದ ಒಬ್ಬರು ಬಂದಿದ್ದರು. ಅವರ ಒಳಮೈಯಲ್ಲಿ ಊರುಗೋಲಿನ ತುದಿ ಬೆರಳಿನಷ್ಟೇ ಪ್ರಖರವಾಗಿ ಹೊಳೆಯಿತು. ಟ್ರ್ಯಾಕ್ಟರ್ ಓಡಿಸುವವನೊಬ್ಬನ ಒಳಮೈಗೆ ಹಿಂದಿನ ಎರಡು ಗಾಲಿಗಳೂ ಅಂಟಿಕೊಂಡಿದ್ದವು. ಕೈಯಲ್ಲಿ ಹಿಡಿದು ಹಿಡಿದು ಪಳಗಿದ ಸಾಮಾನನ್ನು ಮಿದುಳು ಮೈಗೆ ಸೇರಿಸಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆವು. ಓದುವುದು ಬೇರೆ, ಗಾಲಿ ಮೊಳೆತ ಮನುಷ್ಯನನ್ನು ಕಣ್ಣಾರೆ ನೋಡುವುದು ಬೇರೆ. ಆದರೆ ಇದೆಲ್ಲ ಏನೂ ಅಲ್ಲ ಎನ್ನಿಸುವಂಥದನ್ನು ನಾವು ಇನ್ನೂ ಕಂಡಿರಲಿಲ್ಲ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ನರಗುಂದ. ನರದ ಡಾಕ್ಟರಿಗೆ ನರಗುಂದ ಎಂಬ ಅಡ್ಡಹೆಸರು ಹೇಗೆ ಸಿಕ್ಕಿತು ಎಂದು ಹೊಸ ರೋಗಿಗಳೆಲ್ಲ ಕೇಳುತ್ತಾರೆ, ಅವರೂ ಪ್ರತಿ ಸಲ ಹೊಸದಾಗಿ ನಗುತ್ತಾರೆ. ಯಂತ್ರದ ಉಸ್ತುವಾರಿ ತಬಸ್ಸುಮ್ ಎಂಬ ಎಂಜಿನಿಯರ್ ಹುಡುಗಿಯದು. ಹುಬ್ಬಳ್ಳಿಯವಳು, ಯಂತ್ರ ತಪ್ಪು ಮಾಡಿತು ಎಂದು ಯಾರಾದರೂ ಅಂದರೆ ತನ್ನ ಮಗುವನ್ನು ಬೈದ ಹಾಗೆ ಮುಖ ಊದಿಸಿಕೊಳ್ಳುತ್ತಾಳೆ. ಮೂರನೆಯವಳು ನಾನು, ಪ್ರಮೋದಿನಿ.

ಮಹಾನಂದಾ ನಮ್ಮಲ್ಲಿಗೆ ಬಂದದ್ದು ಮಳೆಗಾಲದ ಮೊದಲಿಗೆ. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಆಕೆಯ ಎಡ ಮೈ ಬಿದ್ದುಹೋಗಿತ್ತು. ಕಾಲು ಬೇಗ ಚೇತರಿಸಿಕೊಂಡಿತು, ಎಳೆಯುತ್ತ ನಡೆಯುವಷ್ಟಾಯಿತು. ಕೈ ಮಾತ್ರ ಬರಲಿಲ್ಲ. ಗಾಯ ಸಣ್ಣದು, ನರದ ದಾರಿ ಪೂರ್ತಿ ಕಡಿದುಹೋಗಿಲ್ಲ, ಸೂಜಿ ಚುಚ್ಚಿದರೆ ಸುದ್ದಿ ಮಿದುಳಿನ ಬಾಗಿಲವರೆಗೂ ಹೋಗುತ್ತದೆ. ಒಳಗೆ ಬಾಗಿಲು ತೆಗೆಯುವವರು ಇಲ್ಲ. ಮಹಾನಂದಾ ತನ್ನ ಎಡಗೈಯನ್ನು 'ಇದು' ಎನ್ನುತ್ತಿದ್ದಳು. ನಿದ್ದೆಯಲ್ಲಿ ಮೈಮೇಲೆ ಬಿದ್ದರೆ ಯಾರದೋ ಕೈ ಎಂದು ಬೆಚ್ಚಿ ಎದ್ದು ಕೂಡುತ್ತಿದ್ದಳು.

ಆಕೆ ಕಸೂತಿ ಕಲಿಸುವವಳು. ಮನೆಯ ಪಡಸಾಲೆಯಲ್ಲೇ ಹುಡುಗಿಯರನ್ನು ಕೂರಿಸಿಕೊಂಡು ಇಳಕಲ್ ಸೀರೆಯ ಮೇಲೆ ಆನೆ, ನವಿಲು ಹಾಕಿಸುತ್ತಿದ್ದವಳು. ನಮ್ಮ ಕಡೆಯ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಎಳೆ ಎಣಿಸಿ, ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಬಿಟ್ಟದ್ದನ್ನು ತುಂಬುತ್ತ ವಾಪಸು ಬರಬೇಕು. ಬಟ್ಟೆಯ ಮೇಲೂ ಕೆಳಗೂ ಒಂದೇ ಚಿತ್ರ. ಬಲಗೈ ಮೇಲಿಂದ ಸೂಜಿ ಇಳಿಸುತ್ತದೆ. ಎಡಗೈ ಬಟ್ಟೆಯ ಕೆಳಗೆ, ಕಣ್ಣಿಗೆ ಕಾಣದೆ, ಮುಟ್ಟಿಯೇ ತಿಳಿದು ಸೂಜಿಯನ್ನು ಹಿಡಿದು ಮೇಲೆ ಕಳಿಸುತ್ತದೆ.

"ಒಂದು ಚಿಪ್ ಕೂಡಸೋಣು," ಎಂದರು ನರಗುಂದ. "ತೋಳಿಗೆ ಯಂತ್ರದ ಚೀಲ ಹಾಕೋಣು. ಕೈ ಏಳ್ತದ, ಲೋಟ ಹಿಡೀತದ."

"ಲೋಟ ಹಿಡ್ಯಾಕ ಬಲಗೈ ಐತಲ್ರಿ ಸಾಹೇಬ್ರ," ಎಂದಳು ಮಹಾನಂದಾ. "ನನಗ ಕೆಳಗಿನ ಕೈ ಬೇಕ್ರಿ."

ನರಗುಂದ ಸುಳ್ಳು ಹೇಳುವವರಲ್ಲ. ಚಿಪ್ ಕೂರುವುದು ಮಿದುಳಿನಲ್ಲಿ ಆ ಕೈಗೆಂದೇ ಇದ್ದ ಜಾಗದಲ್ಲಿ. ಕೂರಿಸಿದ ಮೇಲೆ ಕೈ ಆಡುತ್ತದೆ, ಆದರೆ ಅದಕ್ಕೆ ಏನೂ ತಿಳಿಯುವುದಿಲ್ಲ, ಮುಂದೆಂದೂ ತಿಳಿಯುವುದೂ ಇಲ್ಲ. ಹಾಗೆಂದು ಕಾಯುತ್ತ ಕೂಡುವಂತೆಯೂ ಇಲ್ಲ. ಖಾಲಿ ಬಿಟ್ಟ ಸೈಟಿಗೆ ಪಕ್ಕದವರು ಬೇಲಿ ಸರಿಸುವ ಹಾಗೆ, ಮಿದುಳಿನಲ್ಲೂ ಕೈಯ ಖಾಲಿ ಜಾಗವನ್ನು ಪಕ್ಕದ ಮುಖ, ಭುಜ ನಿಧಾನವಾಗಿ ಒತ್ತುವರಿ ಮಾಡುತ್ತವೆ. ಆಮೇಲೆ ಚಿಪ್ಪಿಗೂ ಜಾಗವಿಲ್ಲ, ಕೈಗೂ ಇಲ್ಲ. ದೀಪಾವಳಿಯವರೆಗೆ ನೋಡೋಣ, ಅಷ್ಟರಲ್ಲಿ ಗೋಡೆಯ ಮೇಲೆ ಆ ಕೈ ಮೂಡದಿದ್ದರೆ ಚಿಪ್ ಎಂದು ಮಾತಾಯಿತು.

ಗೋಡೆಯ ಮುಂದೆ ಮಹಾನಂದಾಳನ್ನು ಕೂರಿಸಿ ತಬಸ್ಸುಮ್ ಟೊಪ್ಪಿಗೆ ಎತ್ತಿಕೊಂಡಳು. ಅಷ್ಟರಲ್ಲಿ ಗಂಡ ಅಡ್ಡ ಬಂದ.

ಗಂಡನ ಹೆಸರು ರಾಚಪ್ಪ. ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಸವಾಲು, ಎಂದರೆ ಹರಾಜು, ಕೂಗುವ ಕೆಲಸ. ಸವಾಲು ಕೂಗುವ ಯಂತ್ರ ಬಂದು ಒಂದು ಹಂಗಾಮು ಇದ್ದು ಹೋಯಿತಂತೆ. ಅದರ ದನಿಗೆ ಯಾರಿಗೂ ಹುರುಪು ಬರಲಿಲ್ಲವೆಂದು ವ್ಯಾಪಾರಿಗಳೇ ರಾಚಪ್ಪನನ್ನು ವಾಪಸು ಕರೆಸಿದರು. ಆ ಗಂಟಲು ಆಸ್ಪತ್ರೆಯೊಳಗೂ ತಗ್ಗುತ್ತಿರಲಿಲ್ಲ.

"ಏ ತಂಗಿ, ನಿಂದ್ರು. ಆಕಿಗೆ ಹಾಕೂಕಿಂತ ಮೊದ್ಲ ನನಗ ಹಾಕು. ಶಾಕ್ ಹೊಡಿತೈತೇನ ನೋಡ್ತೇನಿ."

"ಶಾಕ್ ಗೀಕ್ ಏನೂ ಹೊಡ್ಯಂಗಿಲ್ರಿ ಕಾಕಾ. ಅದು ಕೇಳೂದಷ್ಟ ಕೆಲಸ."

"ಆಕಿಗೆ ಔಷಧ ಕೊಟ್ರೂ ಮೊದ್ಲ ನಾ ನಾಲಿಗಿಗೆ ಹಚ್ಚಿ ನೋಡೇ ಕೊಡೂದು. ಹಾಕು."

ನಮ್ಮವರು ಹೀಗೇ. ಹಾಲು ಬಿಸಿಯಿದೆಯೇ ಎಂದು ತಾವು ಒಂದು ಗುಟುಕು ನೋಡುತ್ತಾರೆ, ಸ್ನಾನದ ನೀರಿಗೆ ಮೊದಲು ತಮ್ಮ ಕೈ ಅದ್ದುತ್ತಾರೆ. ನಿಯಮದ ಪ್ರಕಾರ ರೋಗಿಯ ಟೊಪ್ಪಿಗೆಯನ್ನು ಮತ್ತೊಬ್ಬರಿಗೆ ಹಾಕುವಂತಿಲ್ಲ. ಆ ಗಂಟಲಿನೊಡನೆ ವಾದ ಮಾಡುವುದಕ್ಕಿಂತ ಹಾಕಿ ತೆಗೆಯುವುದೇ ಸಲೀಸು ಎಂದು ನಾನೇ ತಲೆಯಾಡಿಸಿದೆ. ತಬಸ್ಸುಮ್ ಟೊಪ್ಪಿಗೆಯನ್ನು ರಾಚಪ್ಪನ ಬೋಳುತಲೆಗೆ ಎಳೆದಳು.

ಗೋಡೆ ಬೆಳಗಿತು. ಕೂಗಿ ಕೂಗಿ ದೊಡ್ಡದಾದ ಗಂಟಲು, ಅಗಲ ಬಾಯಿ, ಬಲಗೈ, ಎಡಗೈ. ಎಡಗೈಯ ಪಕ್ಕದಲ್ಲಿ ಇನ್ನೊಂದು ಎಡಗೈ.

ತಬಸ್ಸುಮ್ ಮುಖ ಕೆಂಪಗೆ ಮಾಡಿಕೊಂಡು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಮೂರು ಕೈ. ಟೊಪ್ಪಿಗೆ ಬದಲಿಸಿದಳು. ಮೂರು ಕೈ.

"ಎಲ್ಲೋ ತಪ್ಪೈತ್ರಿ ಮೇಡಂ," ಎಂದಳು. ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. "ನಿನ್ನಿ ಪೇಶಂಟಿನ ಕೈ ಉಳದಿರಬೇಕು."

ನಾನು ಗೋಡೆಯ ಹತ್ತಿರ ಹೋದೆ. ಆ ಮೂರನೆಯ ಕೈ ಸಣ್ಣದು, ಬೆರಳು ನೀಳ. ಮಣಿಕಟ್ಟಿನ ಸುತ್ತ ಒಂದು ಬಳೆಯಾಕಾರದ ಬೆಳಕು ಉಳಿದೆಲ್ಲಕ್ಕಿಂತ ದಟ್ಟವಾಗಿ ಉರಿಯುತ್ತಿತ್ತು. ಒಂದು ಬಳೆಯೂ ಅಲ್ಲ. ಎಣಿಸಬಹುದಾದಷ್ಟು ಸ್ಪಷ್ಟವಾಗಿ ಸಾಲು ಬಳೆ. ತಿರುಗಿ ನೋಡಿದೆ. ಮಹಾನಂದಾಳ ನಿರ್ಜೀವ ಎಡಗೈ ಆಕೆಯ ಮಡಿಲಲ್ಲಿ ಮಲಗಿತ್ತು. ಅದರ ತುಂಬ ಹಸಿರು ಗಾಜಿನ ಬಳೆ.

"ಬಳಿ ಯಾರು ಇಡಸ್ತಾರ್ರಿ ಇವರಿಗೆ?" ಎಂದು ಕೇಳಿದೆ.

"ನಾನ. ಮತ್ಯಾರು?" ಎಂದ ರಾಚಪ್ಪ. "ಎಣ್ಣಿ ಹಚ್ಚಿ ತಿಕ್ಕಬೇಕಾದ್ರ ತಗೀತೇನಿ, ಆಮ್ಯಾಲೆ ಇಡಸ್ತೇನಿ. ಎಳೀದಂಗ, ಒಡೀದಂಗ ಇಡಸೂದು ಭಾಳ ನಾಜೂಕ್ ಕೆಲಸ ನೋಡ್ರಿ."

ಮಹಾನಂದಾ ಗೋಡೆಯನ್ನೇ ನೋಡುತ್ತಿದ್ದಳು. "ಅದು ನನ್ ಕೈ ಐತಿ," ಎಂದಳು ಮೆಲ್ಲಗೆ. ಬೇಸಿಗೆಯಿಂದ ಈಚೆಗೆ ಅವಳು ಆ ಕೈಗೆ 'ನನ್ನ' ಎಂದದ್ದು ಅದೇ ಮೊದಲಂತೆ.

ಟೊಪ್ಪಿಗೆಯನ್ನು ಆಕೆಗೆ ಹಾಕಿದೆವು. ಆಕೆಯ ಒಳಮೈಯಲ್ಲಿ ಎಡ ಭುಜದಿಂದಾಚೆ ಕತ್ತಲೆ. ಕಳೆದುಹೋದ ಕೈ ಗಂಡನ ತಲೆಯಲ್ಲಿತ್ತು.

ನರಗುಂದರನ್ನು ಕರೆಸಿದೆವು. ಅವರು ಊಟ ಅರ್ಧಕ್ಕೇ ಬಿಟ್ಟು ಬಂದರು, ಕೈಯಲ್ಲಿ ಇನ್ನೂ ಹುಳಿಯ ಗುರುತಿತ್ತು. ಮೊದಲು ನಂಬಲಿಲ್ಲ, ಆಮೇಲೆ ಸಂಜೆಯವರೆಗೂ ಆ ಕೋಣೆ ಬಿಟ್ಟು ಅಲುಗಲಿಲ್ಲ. ಇದು ಮಾಯೆಯಲ್ಲ ಎಂಬುದನ್ನು ಮೊದಲು ಖಚಿತ ಮಾಡಿಕೊಂಡೆವು. ರಾಚಪ್ಪನ ಕಣ್ಣು ಕಟ್ಟಿ ನಾನು ಮಹಾನಂದಾಳ ಕೈ ಚಿವುಟಿದೆ. ಅವನಿಗೆ ಏನೂ ತಿಳಿಯಲಿಲ್ಲ, ಗೋಡೆಯಲ್ಲಿ ಏನೂ ಆಗಲಿಲ್ಲ. ಅವನಿಗೆ ತಿಳಿಯದಂತೆ ಆ ಕೈಯನ್ನು ಮೇಜಿನ ಮೇಲೆ ಸರಿಸಿಟ್ಟೆ. ಗೋಡೆಯ ಮೂರನೆಯ ಕೈ ಅವನು ಕಡೆಯದಾಗಿ ಕಂಡ ಜಾಗದಲ್ಲೇ ಉಳಿಯಿತು. ಆದರೆ ಅವನೇ ಹೆಂಡತಿಯ ಕೈಯನ್ನು ತನ್ನ ಕೈಗೆ ತೆಗೆದುಕೊಂಡ ಕೂಡಲೆ ಮೂರನೆಯ ಕೈ ಬೆರಳಿನಿಂದ ಭುಜದವರೆಗೆ ಹೊತ್ತಿಕೊಂಡಿತು. ಅದಕ್ಕಿಂತ ಬೆರಗಿನದು ಇನ್ನೊಂದಿತ್ತು. ಅವನು ಆ ಕೈಯನ್ನು ಎತ್ತುವುದಕ್ಕೆ ಒಂದು ರೆಪ್ಪೆ ಬಡಿಯುವಷ್ಟು ಮೊದಲೇ ಗೋಡೆಯ ಮೇಲೆ ಅದರ ಭುಜ ಬೆಳಗುತ್ತಿತ್ತು. ನಮ್ಮ ಸ್ವಂತ ಕೈ ಏಳುವ ಮೊದಲು ನಮ್ಮ ಮಿದುಳು ಅದಕ್ಕೆ ಕಳಿಸುತ್ತದಲ್ಲ, 'ಏಳ್ತೀ ನೋಡು' ಎಂಬ ಸುದ್ದಿ, ಅದೇ.

"ಮಿದುಳು ಉತಾರ ಕೇಳಂಗಿಲ್ಲ ನೋಡ್ರಿ ಪ್ರಮೋದಿನಿ ಅವ್ರ," ಎಂದರು ನರಗುಂದ. "ಹೊಲ ಯಾರ ಹೆಸರಿನ್ಯಾಗ ಅದ ಅಂತ ಅದು ನೋಡೂದಿಲ್ಲ. ದಿನಾ ಯಾರು ಉತ್ತಿದ್ರೋ ಅವರ ಹೆಸರಿಗೆ ಬರಕೊಂಡು ಬಿಡ್ತದ. ಮೂವತ್ತು ವರ್ಷದಿಂದ ನರ ನೋಡ್ಲಿಕ್ಕತ್ತೇನಿ. ನನಗ ನರ ಅಂದ್ರ ಏನಂತ ಇವತ್ತ ಗೊತ್ತಾತು."

ನನಗೂ ಏನೋ ಗೊತ್ತಾಯಿತು, ಹೇಳಿಬಿಡುತ್ತೇನೆ. ನೀವುವುದೆಂದರೆ ನನ್ನ ಕೈಯಿಂದ ಅವರ ಮೈಗೆ ಏನೋ ಹೋಗುತ್ತದೆ ಎಂದೇ ಅಷ್ಟು ವರ್ಷ ತಿಳಿದಿದ್ದೆ. ಅಲ್ಲಿಂದ ಇಲ್ಲಿಗೂ ಬರುತ್ತದೆ ಎಂದು ಯೋಚಿಸಿರಲಿಲ್ಲ. ಆವತ್ತು ಮನೆಗೆ ಹೋಗುವಾಗ ನಾನು ನಡೆಸಿದ ಕಾಲುಗಳು, ಬಿಚ್ಚಿದ ಮುಷ್ಟಿಗಳು ಎಷ್ಟು ನನ್ನೊಳಗೆ ಕೂತಿವೆಯೋ ಎಂದು ನೆನೆದು ದಾರಿಯುದ್ದಕ್ಕೂ ಮೈಮೇಲೆ ಮುಳ್ಳೆದ್ದವು.

ಕೈ ಎಲ್ಲಿದೆ ಎಂದು ಗೊತ್ತಾಯಿತು. ಅದನ್ನು ಅವಳಿಗೆ ತಲುಪಿಸುವುದು ಹೇಗೆ? ತಬಸ್ಸುಮ್ ಒಂದು ಉಪಾಯ ಹೂಡಿದಳು. ಮಹಾನಂದಾಳ ಕಿವಿಯ ಹಿಂದೆ ಒಂದು ಸಣ್ಣ ಬಿಲ್ಲೆ. ರಾಚಪ್ಪ ಟೊಪ್ಪಿಗೆ ಹಾಕಿಕೊಂಡು ಹೆಂಡತಿಯ ಕೈಯನ್ನು ನೀವುತ್ತಾನೆ, ಮಡಿಸುತ್ತಾನೆ. ಅವನ ಮಿದುಳಿನಲ್ಲಿ ಆ ಮೂರನೆಯ ಕೈ ಬೆಳಗಿದ ಕ್ಷಣಕ್ಕೇ ಬಿಲ್ಲೆ ಮೆಲ್ಲಗೆ ಮಿಡಿಯುತ್ತದೆ. ಮಿಡಿದ ಕೂಡಲೆ ಮಹಾನಂದಾ ಕೈಯೆತ್ತಲು ಮನಸ್ಸು ಮಾಡಬೇಕು. ಕಳಿಸುವ ಮನಸ್ಸು, ಬರುವ ಸ್ಪರ್ಶ, ಎರಡೂ ಒಂದೇ ಹೊತ್ತಿಗೆ ಬಾಗಿಲಿಗೆ ಬಂದರೆ ಬಾಗಿಲು ತೆರೆಯಬಹುದು ಎಂಬುದು ನಮ್ಮ ಆಸೆ. ಟೊಪ್ಪಿಗೆ, ಬಿಲ್ಲೆ ಎರಡನ್ನೂ ಮನೆಗೇ ಕೊಟ್ಟು ಕಳಿಸಿದೆವು.

ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ. ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಕೂತರೆ ರಾಚಪ್ಪನ ಮೂರನೆಯ ಕೈ ಮೊದಲಿಗಿಂತ ಝಗಝಗಿಸುತ್ತಿತ್ತು. ಮಹಾನಂದಾಳ ಭುಜದ ಆಚೆ ಅದೇ ಕತ್ತಲೆ. ಒಂದು ವಾರ ಗಲ್ಲದ ಬೆಳಕು ಆ ಕತ್ತಲೆಯ ಕಡೆಗೆ ತುಸು ಹರಡಿದಂತೆ ಕಂಡಿತು. ಬೇಲಿ ಸರಿಯತೊಡಗಿತ್ತು. ನರಗುಂದ ಚಿಪ್ಪಿನ ಮಾತು ತೆಗೆದರು. ನನಗೆ ಅವರ ಮೇಲೂ ಸಿಟ್ಟು, ಯಂತ್ರದ ಮೇಲೂ ಸಿಟ್ಟು. ಮನೆಯಲ್ಲಿ ಏನು ನಡೆದಿದೆ ನೋಡಿಯೇ ಬಿಡುತ್ತೇನೆ ಎಂದು ಒಂದು ಬೆಳಿಗ್ಗೆ ಹೇಳದೆ ಕೇಳದೆ ಅವರ ಮನೆಗೆ ಹೋದೆ.

ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಕಸೂತಿಯ ಚೌಕಟ್ಟುಗಳು ಗೋಡೆಗೆ ಒರಗಿದ್ದವು, ಮೇಲೆ ಧೂಳು. ರಾಚಪ್ಪ ಟೊಪ್ಪಿಗೆ ಹಾಕಿಕೊಂಡು, ಎಣ್ಣೆಯ ಬಟ್ಟಲಿಟ್ಟುಕೊಂಡು ಮಂಡಿಯೂರಿ ಕೂತಿದ್ದ. ಬಳೆ ತೆಗೆದು ಪಕ್ಕಕ್ಕಿಟ್ಟಿದ್ದ. ಭುಜದಿಂದ ಬೆರಳತುದಿಯವರೆಗೆ ಅವನು ನೀವುವುದನ್ನು ನೋಡಿ ನನ್ನಲ್ಲಿ ತಪ್ಪು ಹುಡುಕುವ ಬುದ್ಧಿ ಅರೆಗಳಿಗೆ ಸುಮ್ಮನಾಯಿತು. ಅಷ್ಟು ಹದ. ಪ್ರತಿ ಸಲ ಕೈ ಎತ್ತುವಾಗ ಮಾರುಕಟ್ಟೆಯ ಕೂಗು ಬೇರೆ.

"ಒಂದ ಸಲ! ಎರಡ ಸಲ! ಮೂರ ಸಲ! ಆತ, ಮಾಲು ನಿಂದ, ತಗೋ!"

ಸವಾಲಿನಲ್ಲಿ ಮೂರನೆಯ ಸಲ ಕೂಗಿದ ಮೇಲೆ ಮಾಲು ಹಿಡಿದವರದು, ಮತ್ತೆ ಮಾತಿಲ್ಲ. ಮಹಾನಂದಾ ನಕ್ಕಳು. ಆದರೆ ಕೈ ಅವನ ಕೈಯಲ್ಲೇ ಇತ್ತು.

ಚಹಾ ಬಂತು. ಮಹಾನಂದಾಳ ಬಲಗೈ ಲೋಟದ ಕಡೆಗೆ ಹೊರಡುವ ಮೊದಲೇ ಲೋಟ ಆಕೆಯ ತುಟಿಯ ಹತ್ತಿರವಿತ್ತು. ಸೆರಗು ಜಾರುವ ಮೊದಲೇ ಅದು ಭುಜದ ಮೇಲಿತ್ತು. ಕಿವಿಯ ಹಿಂದಿನ ಬಿಲ್ಲೆ ಮಿಡಿಯಿತು, ಆಕೆಯ ಹುಬ್ಬು ಗಂಟಾಯಿತು, ಮನಸ್ಸು ಕೂಡಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಅಷ್ಟರಲ್ಲಿ ಕೈ ಮೇಲೆ ಹೋಗಿ ಕೆಳಗೆ ಇಳಿದೂ ಆಗಿತ್ತು. ನಾನು ಹಣೆ ಚಚ್ಚಿಕೊಂಡೆ.

"ರಾಚಪ್ಪ, ನೀವು ಕೈ ಬಿಡಬೇಕ್ರಿ," ಎಂದೆ.

ಅವನು ಎಣ್ಣೆ ಬಟ್ಟಲನ್ನು ಠಣ್ಣೆಂದು ನೆಲಕ್ಕೆ ಕುಕ್ಕಿದ.

"ಏನಂದ್ರಿ? ಕೈ ಬಿಡಬೇಕಾ? ಹೆಂಡ್ತಿ ಕೈ ಬಿಡೂ ಮಗಾ ಅಂತ ತಿಳದೀರೇನ್ರಿ ನನಗ? ಬ್ಯಾಸಗಿಯಾಗ ನಮ್ಮ ಅಣ್ಣಾನೂ ಇದನ್ನ ಅಂದಾ. ಯಾವುದರ ಆಶ್ರಮದಾಗ ಬಿಡು, ಕೈ ತೊಳಕೋ ಅಂತ. ಅವತ್ತಿಂದ ಅವನ ಹೊಸ್ತಿಲಾ ತುಳದಿಲ್ಲ ನಾನು. ನೀವೂ ಅದನ್ನ ಅಂತೀರಿ! ಏಳ್ರಿ, ನಡೀರಿ!"

ತಪ್ಪು ನನ್ನದೇ. ನಮ್ಮ ಭಾಷೆಯಲ್ಲಿ ಆ ಎರಡು ಪದ ಕೂಡಿಸಿ ಒಬ್ಬ ಗಂಡನ ಮುಂದೆ ಆಡಬಾರದು. ಇಂಗ್ಲಿಷಿನ ಪಾಠ ಓದಿಕೊಂಡವಳು ನಾನು, ಮೈ ಮುಟ್ಟಿ ಹೇಳುವುದನ್ನು ಮಾತ್ರ ಕನ್ನಡದಲ್ಲಿ ಕಲಿತೆ, ಬಾಯಿ ಬಿಟ್ಟು ಹೇಳುವುದನ್ನು ಕಲಿಯಲಿಲ್ಲ. ಬಿಡಿಸಿ ಹೇಳಲು ಹೋದೆ. ಅವನು ಬಾಗಿಲ ಕಡೆ ಬೆರಳು ತೋರಿಸುತ್ತ ನಿಂತಿದ್ದ.

"ಮೇಡಂ ಹೇಳೂದು ಖರೆ ಐತಿ," ಎಂದಳು ಮಹಾನಂದಾ.

ರಾಚಪ್ಪ ತಿರುಗಿ ನೋಡಿದ.

"ನಾ ಎತ್ತಬೇಕು ಅನ್ನೂದ್ರಾಗ ನೀವು ಎತ್ತಿರ್ತೀರಿ. ನನಗ ನೀರಡಿಕಿ ಆಗೂದ್ರಾಗ ನೀರು ಬಂದಿರ್ತೈತಿ. ನಂದು ಕೈ ಅಷ್ಟ ಹೋಗಿಲ್ರಿ. ಎತ್ತಬೇಕು ಅಂತ ಅನಸೂದ ನಿಂತ್ ಹೋಗೈತಿ." ಮಾತು ಅಲ್ಲಿಗೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು, ದನಿಯಲ್ಲಿ ಸಿಟ್ಟೂ ಬಂತು. "ಗ್ವಾಡಿ ಮ್ಯಾಲೆ ನನ್ ಕೈ ನಿಮ್ಮ ಮೈಗೆ ಹತ್ತಿದ್ದ ನೋಡಿದಾಗ ನನಗ ಎಷ್ಟ್ ಸಂತೋಷ ಆತು ಗೊತ್ತೈತೇನು? ಈಗ ಹೊಟ್ಟಿಕಿಚ್ಚು ಆಕ್ಕೈತಿ. ಅದು ನಂದು. ನನಗ ಕೊಡ್ರಿ."

ಬಾಗಿಲ ಕಡೆ ತೋರಿಸಿದ್ದ ಕೈ ಇಳಿಸಿ ರಾಚಪ್ಪ ಮತ್ತೆ ಚಾಪೆಯ ಮೇಲೆ ಕೂತ. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ನಾ ಬಿಟ್ರ ಅದು ಬಿದ್ದ ಹೋಕ್ಕೈತಿ, ಮಾನಂದಾ."

"ಬೀಳ್ಲಿ."

ಅವನು ಆಕೆಯ ಕೈಯನ್ನು ಎದೆಯೆತ್ತರಕ್ಕೆ ಎತ್ತಿದ, ಕಣ್ಣು ಮುಚ್ಚಿ ಬಿಟ್ಟ. ಕೈ ದೊಪ್ಪೆಂದು ಚಾಪೆಗೆ ಬಿತ್ತು. ಮಹಾನಂದಾಳಿಗೆ ಏನೂ ಆಗಲಿಲ್ಲ. ಅವನು "ಅಯ್ಯೋ" ಎಂದು ತನ್ನ ಮೈಗೇ ಪೆಟ್ಟು ಬಿದ್ದ ಹಾಗೆ ಮುದುಡಿಕೊಂಡ. ಅದು ನಟನೆಯಲ್ಲ. ಗೋಡೆಯಿದ್ದಿದ್ದರೆ ಆ ಮೂರನೆಯ ಕೈ ಹೇಗೆ ಚೀರಿಕೊಂಡಿತೆಂದು ಕಾಣುತ್ತಿತ್ತು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡಲು ಹೋಗಲಿಲ್ಲ.

ಅವತ್ತಿನಿಂದ ಕೆಲಸದ ರೀತಿ ಬದಲಾಯಿತು. ಅವನು ಹಿಡಿದೂ ಹಿಡಿಯದ ಹಾಗೆ ಹಿಡಿಯಬೇಕು. ನೀವಿ ನೀವಿ ಚರ್ಮವನ್ನು ಎಚ್ಚರಿಸಬೇಕು, ಕೀಲುಗಳನ್ನು ಮೆಲ್ಲಗೆ ಆಡಿಸಬೇಕು, ಆಮೇಲೆ ಎತ್ತಬೇಕೆಂದು ತನ್ನ ಒಳಗೆ ಅನ್ನಿಸಿದ ಕೂಡಲೆ ಎತ್ತದೆ ಕಾಯಬೇಕು. ಆ ಕಾಯುವುದರಲ್ಲೇ ಇತ್ತು ಎಲ್ಲ. ಅವನ ಆಸೆ ಬಿಲ್ಲೆಗೆ ಹೋಗುತ್ತದೆ, ಬಿಲ್ಲೆ ಮಿಡಿಯುತ್ತದೆ, ಎತ್ತುವ ಕೆಲಸ ಅವಳಿಗೆ ಉಳಿಯುತ್ತದೆ. ದಿನದ ಮಾರುಕಟ್ಟೆಯಲ್ಲಿ ಒಂದು ಉಸಿರೂ ಕಾಯದ ಮನುಷ್ಯ ಅವನು. ಒಮ್ಮೆ ಕೇಂದ್ರದಲ್ಲಿ ಹಾಗೆ ಕಾಯುತ್ತ ಕೂತಾಗ ಅವನ ಹಣೆಯಿಂದ ಬೆವರು ತೊಟ್ಟಿಕ್ಕಿತು. "ಒಂದ ಚೀಲ ಉಳ್ಳಾಗಡ್ಡಿ ಹೊರೂದು ಸಸಾರ್ರಿ ಇದಕಿಂತಾ," ಎಂದ.

ದಸರೆಯ ಮರುವಾರ ಬಂದಾಗ ನಾನು ಮಹಾನಂದಾಳ ಹಿಂದೆ ನಿಂತಿದ್ದೆ. ಗೋಡೆಯ ಮೇಲೆ ಅದೇ ಒಳಮೈ, ಅದೇ ಎಡಗಡೆಯ ಕತ್ತಲೆ. ರಾಚಪ್ಪ ಬೆರಳುಗಳನ್ನು ಒಂದೊಂದಾಗಿ ನೀವುತ್ತ ತೋರುಬೆರಳಿಗೆ ಬಂದ. ಆ ಕತ್ತಲೆಯ ನಡುವೆ, ಭುಜಕ್ಕೂ ಮೊಣಕೈಗೂ ಸಂಬಂಧವಿಲ್ಲದೆ, ಸೂಜಿಯ ಮೊನೆಯಷ್ಟು ಒಂದು ನೀಲಿ ಚುಕ್ಕೆ ಮೂಡಿತು. ಆರಿತು. ಮತ್ತೆ ಮೂಡಿತು.

"ಯಂತ್ರದ ತಪ್ಪಲ್ಲ ಇದು," ಎಂದಳು ತಬಸ್ಸುಮ್, ಯಾರೂ ಕೇಳದಿದ್ದರೂ.

ಮಹಾನಂದಾಳ ತೋರುಬೆರಳಿನ ತುದಿ ಹಿಡಿದು ನೋಡಿದೆ. ವರ್ಷಗಟ್ಟಲೆ ಬಟ್ಟೆಯ ಕೆಳಗೆ ಸೂಜಿ ಚುಚ್ಚಿಸಿಕೊಂಡು ಅಲ್ಲಿ ಚರ್ಮ ಸಣ್ಣಗೆ ಗಡುಸಾಗಿತ್ತು. ಒಂದು ಕೈಯನ್ನೇ ಮರೆತ ಮಿದುಳು ಆ ಸೂಜಿಯ ಜಾಗವನ್ನು ಇನ್ನೂ ಎಲ್ಲೋ ಇಟ್ಟುಕೊಂಡಿತ್ತು. ನರಗುಂದ ಕುರ್ಚಿ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತರು, ಪೂಜೆಯ ಹೊತ್ತಿಗೆ ಕೂತ ಹಾಗೆ. ನಾವೆಲ್ಲ ಆ ಚುಕ್ಕೆಯನ್ನು ನೋಡುತ್ತ ಎಷ್ಟು ಹೊತ್ತು ಕೂತೆವೋ ನೆನಪಿಲ್ಲ.

"ಬಟ್ಟಿ ತರ್ತೇನ್ರಿ ಮುಂದಿನ ಸಲ," ಎಂದಳು ಮಹಾನಂದಾ.

ದೀಪಾವಳಿ ಹತ್ತಿರ ಬಂದಿತ್ತು. ಚಿಪ್ಪಿನ ತಂಡಕ್ಕೆ ನರಗುಂದ ದಿನ ಗೊತ್ತುಮಾಡಿದ್ದರು; ಚುಕ್ಕೆ ಚುಕ್ಕೆಯಾಗಿಯೇ ಉಳಿದಿತ್ತು, ಒತ್ತುವರಿ ನಿಂತಿರಲಿಲ್ಲ, ಒಂದು ಚುಕ್ಕೆಯನ್ನು ನಂಬಿ ಎಷ್ಟು ದಿನ ತಳ್ಳುವುದು ಎಂದು ಅವರ ಸಂಕಟ. ಕಡೆಯ ಪರೀಕ್ಷೆ ಎಂದುಕೊಂಡೇ ಕೂತೆವು. ಎರಡು ಗೋಡೆ, ಎರಡು ಟೊಪ್ಪಿಗೆ. ಎಡಗಡೆ ಮೂರು ಕೈಯ ರಾಚಪ್ಪ, ಬಲಗಡೆ ಒಂದೂವರೆ ಕೈಯ ಮಹಾನಂದಾ. ನಡುವೆ ಚೌಕಟ್ಟಿಗೆ ಬಿಗಿದ ಕಪ್ಪು ಬಟ್ಟೆ, ಕೆಂಪು ದಾರ. ಬೇಸಿಗೆಗೆ ಮೊದಲು ಹಾಕಿ ಅರ್ಧಕ್ಕೆ ಬಿಟ್ಟ ಆನೆ ಅದರ ಮೇಲೆ. ಹೋಗುವ ಹೊಲಿಗೆ ಮುಗಿದಿತ್ತು, ವಾಪಸು ಬರುವುದು ಉಳಿದಿತ್ತು.

ರಾಚಪ್ಪ ಆಕೆಯ ಎಡಗೈಯನ್ನು ನೀವಿ ಬೆಚ್ಚಗೆ ಮಾಡಿ ಬಟ್ಟೆಯ ಕೆಳಗಿಟ್ಟ. ಮಣಿಕಟ್ಟಿನ ಅಡಿಯಲ್ಲಿ ತನ್ನ ಎರಡು ಬೆರಳು ಕೊಟ್ಟು ಕೂತ. ಮಹಾನಂದಾ ಬಲಗೈಯಿಂದ ಎಳೆ ಎಣಿಸಿ ಸೂಜಿ ಇಳಿಸಿದಳು. ಸೂಜಿ ಬಟ್ಟೆಯ ಕೆಳಗೆ ಹೋಗಿ ಮರೆಯಾಯಿತು.

ಅವನ ಗೋಡೆಯಲ್ಲಿ ಮೂರನೆಯ ಕೈ ಧಗ್ಗೆಂದಿತು. ಎತ್ತಬೇಕು, ಹಿಡಿಯಬೇಕು, ಕೊಡಬೇಕು ಎಂದು ಅವನ ಒಳಗೆಲ್ಲ ಕೂಗುತ್ತಿದೆ ಎಂದು ಆ ಬೆಳಕೇ ಹೇಳುತ್ತಿತ್ತು.

"ಒಂದ ಸಲ," ಎಂದ. ಒಂದು ಬೆರಳು ಹಿಂದಕ್ಕೆ ತೆಗೆದುಕೊಂಡ.

ಬಿಲ್ಲೆ ಮಿಡಿಯಿತು. ಬಲಗೋಡೆಯ ಕತ್ತಲೆಯಲ್ಲಿ ಚುಕ್ಕೆ ಹೊತ್ತಿತು. ಅದರ ಪಕ್ಕದಲ್ಲಿ ಇನ್ನೊಂದು. ಹೆಬ್ಬೆರಳ ತುದಿ.

"ಎರಡ ಸಲ." ಇನ್ನೊಂದು ಬೆರಳೂ ಸರಿಯಿತು. ಕೈ ಬಿಟ್ಟಿದ್ದ.

ಬಟ್ಟೆಯ ಕೆಳಗೆ ಕೈ ಬೀಳಲಿಲ್ಲ. ನನ್ನ ಕಣ್ಣೆದುರಿಗೇ ಎರಡು ಚುಕ್ಕೆಗಳ ನಡುವೆ ಬೆಳಕು ಹರಿಯಿತು, ಅಲ್ಲಿಂದ ಅಂಗೈಗೆ ಇಳಿಯಿತು, ಒಂದೊಂದು ಎಳೆಯಾಗಿ ಮಣಿಕಟ್ಟಿಗೆ, ಮೊಣಕೈಗೆ ನಡೆಯಿತು. ಎಡಗೋಡೆಯಲ್ಲಿ ರಾಚಪ್ಪನ ಮೂರನೆಯ ಕೈ ಬೆರಳತುದಿಯಿಂದಲೇ ಮಂಕಾಗುತ್ತ ಬಂತು. ಇಲ್ಲಿ ಮೂಡಿದಷ್ಟೂ ಅಲ್ಲಿ ಆರುತ್ತಿತ್ತು. ಬಿಲ್ಲೆಯಲ್ಲಿ ಹರಿಯುವುದು ಬರೀ ಒಂದು ಮಿಡಿತ. ಕೈಯನ್ನು ಹೊತ್ತು ತರುವ ಶಕ್ತಿ ಅದಕ್ಕೆಲ್ಲಿಂದ? ಅವನು ಬಿಟ್ಟಿದ್ದ, ಅವಳು ಹಿಡಿದಿದ್ದಳು, ಅಷ್ಟೆ. ಇದನ್ನು ಬರೆಯುವ ಈ ಹೊತ್ತಿಗೂ ನನಗೆ ಅದಕ್ಕಿಂತ ಹೆಚ್ಚಿನ ವಿವರಣೆ ಸಿಕ್ಕಿಲ್ಲ.

ರಾಚಪ್ಪ ಮೂರನೆಯದನ್ನು ಕೂಗಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಇಡೀ ಮಾರುಕಟ್ಟೆಗೆ ಕೇಳುವ ಗಂಟಲು ಅದು. ಕತ್ತು ತಗ್ಗಿಸಿ ಕೂತುಬಿಟ್ಟ.

ಕಪ್ಪು ಬಟ್ಟೆಯ ಒಂದು ಜಾಗ ಕೆಳಗಿನಿಂದ ಸಣ್ಣಗೆ ಉಬ್ಬಿತು. ಸರಿಯಿತು. ಮತ್ತೆ ಉಬ್ಬಿತು. ಅಲ್ಲಿಂದ ಸೂಜಿಯ ಮೊನೆ ಮೇಲೆ ಬಂತು.

"ಮೂರ ಸಲ," ಎಂದಳು ಮಹಾನಂದಾ.

ನರಗುಂದ ಎದ್ದು ಗೋಡೆಯ ಹತ್ತಿರ ಹೋಗಿ, ಆ ಬೆಳಕಿನ ಕೈಯನ್ನು ತಮ್ಮ ಅಂಗೈಯಿಂದ ಮುಟ್ಟಿ ನೋಡಿದರು. ಬಿಳಿ ಸುಣ್ಣದ ಗೋಡೆ, ಅಲ್ಲಿ ಮುಟ್ಟಲಿಕ್ಕೆ ಏನಿದೆ? ಆದರೂ ಮುಟ್ಟಿದರು. ಆಮೇಲೆ ಚಿಪ್ಪಿನವರಿಗೆ ಫೋನು ಮಾಡಲು ಹೊರಗೆ ಹೋದರು. ತಬಸ್ಸುಮ್ ಯಂತ್ರದ ಹಿಂದೆ ನಿಂತು ಓಡ್ನಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಮಹಾನಂದಾ ಮಾತ್ರ ಬಟ್ಟೆಯ ಮೇಲೆ ಬಗ್ಗಿ ಹೊಲಿಗೆ ನೋಡುತ್ತಿದ್ದಳು.

"ಒಂದ ಎಳಿ ತಪ್ಪೈತಿ," ಎಂದಳು. "ಬಿಚ್ಚಬೇಕು."

ರಾಚಪ್ಪ ತಲೆಯೆತ್ತಿ ತನ್ನ ಗೋಡೆ ನೋಡಿಕೊಂಡ. ಎರಡೇ ಕೈ. ಮೂರನೆಯದಿದ್ದ ಜಾಗದಲ್ಲಿ ಬಿಳಿ ಗೋಡೆ. ಅವನ ಬಲಗೈ ತಾನಾಗಿ ಎಡಭುಜದ ಪಕ್ಕದ ಗಾಳಿಯನ್ನು ತಡವಿತು. ಸಂತೋಷವೂ ಸಂಕಟವೂ ಒಂದೇ ಮುಖದಲ್ಲಿ ಜಾಗಕ್ಕೆ ಜಗಳಾಡುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ಎಲ್ಲಾ ಹೋತಲ್ಲ ತಂಗಿ," ಎಂದ.

"ಎಲ್ಲಾ ಹೋಗಿಲ್ರಿ ಕಾಕಾ. ಅಲ್ಲಿ ನೋಡ್ರಿ."

ಗೋಡೆಯ ಮೇಲೆ, ಯಾವ ಕೈಗೂ ಅಂಟದೆ, ಬರಿಗಾಳಿಯಲ್ಲಿ ಒಂದು ಸಾಲು ಬಳೆಗಳು ಉಳಿದಿದ್ದವು. ಬೆಳಕಿನ ಸಣ್ಣ ಸಣ್ಣ ಉಂಗುರಗಳು, ಎಣಿಸಬಹುದಾದಷ್ಟು ಸ್ಪಷ್ಟ.

"ಹಳೀ ನೆರಳದು, ಅಳಸಬೇಕಂದ್ರ ಅಳಸ್ತೇನ್ರಿ," ಎಂದು ತಬಸ್ಸುಮ್ ನನ್ನ ಕಡೆ ನೋಡಿದಳು.

ನಾನು ಉತ್ತರ ಕೊಡುವುದರೊಳಗೆ ಮಹಾನಂದಾ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಅಂದಳು: "ಬಳಿ ಅವರ ಹತ್ರನ ಇರ್ಲಿ ಬಿಡ್ರಿ. ಹೆಂಗೂ ಕೊಡಸಿದವರು ಅವರ."